ಅಂಗಡಿಯ ಬಾಗಿಲಲ್ಲಿ ಗ್ರಾಹಕ

ಹಣ ತೆತ್ತು ಹೊರಟ ಗ್ರಾಹಕನ ಕೈಚೀಲವನ್ನಾಗಲಿ ವಾಹನವನ್ನಾಗಲಿ ಅಂಗಡಿಯವರು ಶೋಧಿಸಬಹುದೆ? ತೋರಿಸಿರೆಂದು ಕೇಳಬಹುದು, ಒಪ್ಪಿಗೆಯಿಲ್ಲದೆ ಕೈಹಾಕುವಂತಿಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೆಯ ಕಲಮು ಸಾಮಾನ್ಯ ಪ್ರಜೆಗೂ ಬಂಧಿಸುವ ಅಧಿಕಾರವನ್ನು ಕೊಟ್ಟಿದೆ, ನಿಜ. ಆದರೆ ಜಾಮೀನಿಗೊಳಪಡದ, ಪೊಲೀಸರು ವಾರಂಟಿಲ್ಲದೆ ಹಿಡಿಯಬಹುದಾದ ಅಪರಾಧವು ಅವನ ಕಣ್ಣೆದುರಿಗೇ ನಡೆದಿರಬೇಕು. ಹಿಡಿದವನನ್ನು ವೃಥಾ ತಡಮಾಡದೆ, 6 ಗಂಟೆಗಳೊಳಗಾಗಿ, ಪೊಲೀಸರಿಗೆ ಒಪ್ಪಿಸಬೇಕು. ಆಗಲೂ ಮೈಶೋಧನೆಯ ಅಧಿಕಾರವನ್ನು 49ನೆಯ ಕಲಮು ಕೊಟ್ಟಿರುವುದು ಪೊಲೀಸ್ ಅಧಿಕಾರಿಗೆ, ವರ್ತಕನಿಗಲ್ಲ. ಬರಿಯ ಸಂಶಯದಿಂದ ದಾರಿಗಡ್ಡ ನಿಂತರೆ, ಭಾರತೀಯ ನ್ಯಾಯ ಸಂಹಿತೆಯ 126ನೆಯ ಕಲಮಿನಂತೆ, ಅಕ್ರಮವಾಗಿ ತಡೆದ ಅಪರಾಧ ಅಂಗಡಿಯವರ ಮೇಲೆಯೇ ಬಂದೀತು. ಸರಕನ್ನು ಕಾಯುವುದು ವರ್ತಕನ ಹಕ್ಕು. ಮಾನವನ್ನು ಕಾಯ್ದುಕೊಳ್ಳುವುದು ಕೊಳ್ಳುವವನ ಹಕ್ಕು. ನಯವಾಗಿ ಕೇಳಿದಾಗ ಚೀಲ ತೆರೆದು ತೋರಿಸುವುದು ಸೌಜನ್ಯವೇ ಹೊರತು ಕರ್ತವ್ಯವಲ್ಲ.