ದುಂಡಾಣು ದುಂಡಗಿದೆಯೇ?

ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾದ ದಾಳಿಂಬೆಯನ್ನು ಸೀಳಿ ಹಾಳುಗೆಡಹುವ ರೋಗಕ್ಕೆ ದುಂಡಾಣು ಅಂಗಮಾರಿ ಎನ್ನುತ್ತೇವೆ. ಗಂಗಾವತಿಯ ಭತ್ತದ ಎಲೆಯಂಚನ್ನು ಒಣಗಿಸುವ ರೋಗಕ್ಕೂ ಅದೇ ಹೆಸರು. ಈ ಹೆಸರು ದಾರಿ ತಪ್ಪಿಸುತ್ತದೆ ಎಂಬುದು ನನ್ನ ವಾದ. ಎರಡಕ್ಕೂ ಕಾರಣವಾದ ಕ್ಸಾಂಥೊಮೊನಾಸ್ ಎಂಬ ಬ್ಯಾಕ್ಟೀರಿಯಾ ದುಂಡಗಿಲ್ಲ, ಗಿಡ್ಡ ಕೋಲಿನಂತಿದೆ: ಉದ್ದ ಸುಮಾರು 1ರಿಂದ 2 ಮೈಕ್ರೊಮೀಟರ್, ತುದಿಗೊಂದು ಬಾಲ. ಬ್ಯಾಕ್ಟೀರಿಯಾಗಳ ಮೂಲ ಆಕಾರಗಳು ಮೂರು: ಗುಂಡು, ಕೋಲು, ಸುರುಳಿ. ಮೊಸರಿನ ಒಂದೇ ಹನಿಯಲ್ಲಿ ಕೋಲಿನಂಥ ಲ್ಯಾಕ್ಟೊಬ್ಯಾಸಿಲಸ್ಸೂ ಮಣಿಸರದಂಥ ಸ್ಟ್ರೆಪ್ಟೊಕಾಕಸ್ಸೂ ಸಿಗಬಹುದು. ಇಲಿಜ್ವರದ ಲೆಪ್ಟೊಸ್ಪೈರಾ ಸುರುಳಿ.

ಕೊಪ್ಪಳದ ರೈತರಿಗೆ ಆಕಾರ ಕಟ್ಟಿಕೊಂಡು ಏನಾಗಬೇಕು? ಪ್ರಶ್ನೆ ನ್ಯಾಯವಾದದ್ದೇ. ಆಕಾರವೊಂದರಿಂದಲೇ ರೋಗಾಣು ಗುರುತಾಗದು, ನಿಜ. ಮೊಸರಿನದೂ ಕೋಲು, ಅಂಗಮಾರಿಯದೂ ಕೋಲು. ಗ್ರಾಂ ವಿಧಾನದಲ್ಲಿ ಬಣ್ಣ ಹಾಕಿದಾಗ ಮೊದಲನೆಯದು ನೇರಳೆ, ಎರಡನೆಯದು ಗುಲಾಬಿಯಾಗಿ ಬೇರ್ಪಡುತ್ತವೆ. ಆದರೆ ಅಂಗಮಾರಿಯ ರೋಗಾಣುವಿನ ಕೋಲುದೇಹ, ಬಾಲವನ್ನು ಒಮ್ಮೆ ಕಂಡರೆ ಮಳೆಗಾಲದ ಭಯಕ್ಕೆ ಕಾರಣ ಹೊಳೆಯುತ್ತದೆ. ಎಲೆಯ ಮೇಲಿನ ನೀರಿನ ತೆಳುಪೊರೆಯಲ್ಲಿ ಬಾಲ ತಿರುಗಿಸುತ್ತ ಈಜಿ, ಗಾಯ ಮತ್ತು ಪತ್ರರಂಧ್ರಗಳ ಮೂಲಕ ಅದು ಒಳನುಗ್ಗುತ್ತದೆ. ಸಿಡಿಯುವ ಮಳೆಹನಿ, ಚಾಟನಿಯ ಕತ್ತರಿ ಅದನ್ನು ಪಕ್ಕದ ಗಿಡಕ್ಕೆ ದಾಟಿಸುತ್ತವೆ. ಒದ್ದೆ ತೋಟದಲ್ಲಿ ಕತ್ತರಿ ಹಿಡಿಯಬೇಡಿ, ಗಿಡದಿಂದ ಗಿಡಕ್ಕೆ ಹೋಗುವಾಗ ಅದನ್ನು ಸೋಂಕುನಾಶಕದಲ್ಲಿ ಅದ್ದಿ ಎನ್ನುವುದು ಇದಕ್ಕೇ.