ಬಾಗಿದ ಹಿಡಿಯ ಬೈಸಿಕಲ್ಲು

ಬೈಸಿಕಲ್ಲುಗಳಲ್ಲಿ ಎರಡು ಆಶ್ರಮಗಳಿವೆ. ಮೊದಲನೆಯದು ಗೃಹಸ್ಥಾಶ್ರಮ. ಹಿಂದೆ ಕ್ಯಾರಿಯರು, ಮುಂದೆ ಬುಟ್ಟಿ, ಚೈನಿಗೆ ತಗಡಿನ ಕವಚ, ಎರಡು ಚಕ್ರಗಳಿಗೂ ಮಡ್‌ಗಾರ್ಡು. ಜೋಳದ ಚೀಲದಿಂದ ಹಿಡಿದು ಮನೆಯ ಮಕ್ಕಳವರೆಗೆ ಏನನ್ನು ಹೇರಿದರೂ ಬೇಸರಿಸದೆ ಹೊತ್ತು ನಡೆಯುವ ಬೈಸಿಕಲ್ಲು ಈ ವರ್ಗಕ್ಕೆ ಸೇರಿದುದು. ಎರಡನೆಯದು ಸಂನ್ಯಾಸಾಶ್ರಮ. ಇದಕ್ಕೆ ಕ್ಯಾರಿಯರಿಲ್ಲ, ಕವಚವಿಲ್ಲ, ಮಡ್‌ಗಾರ್ಡಿಲ್ಲ. ನಿಲ್ಲಲು ಸ್ಟ್ಯಾಂಡು ಕೂಡ ಇಲ್ಲದೆ ಕಂಡವರ ಗೋಡೆಯನ್ನು ಆಶ್ರಯಿಸಬೇಕು. ಟಗರಿನ ಕೊಂಬಿನಂತೆ ಕೆಳಕ್ಕೆ ಬಾಗಿದ ಹಿಡಿ, ಕಿರಿದಾದ ಗಾಲಿ, ಕೂತವನಿಗೆ ಯಾವ ಸುಖವನ್ನೂ ಕೊಡಲೊಲ್ಲದ ಸೀಟು. ಇದೇ ರೇಸಿಂಗ್ ಬೈಸಿಕಲ್ಲು. ಹದಿನಾರನೆಯ ವಯಸ್ಸಿನಲ್ಲಿ ನಾನು ಮನಸೋತದ್ದು ಈ ಸಂನ್ಯಾಸಿಗೆ.

ಅದು 2004ನೆಯ ಇಸವಿ. ನಮ್ಮ ಊರು ಇನ್ನೂ ಬಿಜಾಪುರವಾಗಿತ್ತು. ವಿಜಯಪುರವೆಂಬ ಹೆಸರು ಅಧಿಕೃತವಾದುದು 2014ರಲ್ಲಿ. ಹೊರಗಿನವರಿಗೆ ನಮ್ಮ ಊರೆಂದರೆ ಗೋಳಗುಮ್ಮಟ. ಆದರೆ ಊರಿನ ಹುಡುಗರಿಗೆ ಇನ್ನೊಂದು ಹೆಮ್ಮೆಯೂ ಉಂಟು. ವಿಜಯಪುರ, ಬಾಗಲಕೋಟೆ, ಗದಗ ಈ ಸೀಮೆಯ ಹುಡುಗರೂ ಹುಡುಗಿಯರೂ ರಾಷ್ಟ್ರೀಯ ಸೈಕ್ಲಿಂಗ್ ಸ್ಪರ್ಧೆಗಳಲ್ಲಿ ಪದಕಗಳನ್ನು ತರುತ್ತ ಬಂದವರು. ನಸುಕಿನಲ್ಲಿ ಎದ್ದು ಹೊರಬಂದರೆ ಕ್ರೀಡಾ ವಸತಿನಿಲಯದ ಹುಡುಗರು ಸಾಲಾಗಿ, ಸದ್ದಿಲ್ಲದೆ, ಹಕ್ಕಿಗಳ ಹಿಂಡಿನಂತೆ ಹಾದುಹೋಗುವುದನ್ನು ಕಾಣಬಹುದಾಗಿತ್ತು. ನಾನು ಹಲ್ಲುಜ್ಜುವ ಕಡ್ಡಿಯನ್ನು ಬಾಯಲ್ಲಿಟ್ಟುಕೊಂಡು, ಅವರು ಕಣ್ಮರೆಯಾಗುವವರೆಗೂ ನಿಂತು ನೋಡುತ್ತಿದ್ದೆ.

ನಮ್ಮ ಓಣಿಯಲ್ಲಿಯೇ ಅಂಥ ಒಬ್ಬರಿದ್ದರು. ನನಗಿಂತ ಎಂಟು ವರ್ಷ ಹಿರಿಯರು. ನಾನು ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದುದರಿಂದ ಇಲ್ಲಿಯೂ ಆ ಹೆಸರೇ ಇರಲಿ. ಅನೇಕ ಸ್ಪರ್ಧೆಗಳಲ್ಲಿ ಓಡಿಸಿದವರು, ಕೆಲವನ್ನು ಗೆದ್ದವರು. ಆ ವರ್ಷ ಅವರ ತಂದೆ ಹಾಸಿಗೆ ಹಿಡಿದರು. ಮನೆಯ ಭಾರವೆಲ್ಲ ಅಣ್ಣನ ಮೇಲೆ ಬಿದ್ದಿತು. ಬಾಗಿದ ಹಿಡಿಯ ಬೈಸಿಕಲ್ಲು ಮಾರಾಟಕ್ಕಿದೆಯೆಂಬ ಸುದ್ದಿ ನನಗೆ ಮುಟ್ಟಿದಾಗ ಅವರ ಕಷ್ಟದ ಯೋಚನೆ ಬರಲಿಲ್ಲವೆಂಬುದನ್ನು ಇಂದು ನಾಚಿಕೆಯಿಂದಲೇ ಬರೆಯುತ್ತಿದ್ದೇನೆ. ಬಂದುದು ಸಂತೋಷವೊಂದೇ.

ಬೆಲೆ 1,800 ರೂಪಾಯಿ. ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದ ನನ್ನ ತಂದೆಯವರು ಆ ಬೈಸಿಕಲ್ಲನ್ನು ಮುಂದಿನಿಂದಲೂ ಹಿಂದಿನಿಂದಲೂ ನೋಡಿ, “ಇದರಾಗ ಹಿಟ್ಟಿನ ಡಬ್ಬಿ ಎಲ್ಲಿ ಇಡತೀ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಆದರೂ ಎರಡು ಕಂತುಗಳಲ್ಲಿ ಹಣ ಕೊಟ್ಟರು. ಕೊನೆಯ ಕಂತನ್ನು ಎಣಿಸಿಕೊಂಡ ಅಣ್ಣ ಸೀಟಿನ ಮೇಲೆ ಕೈಯಿಟ್ಟು ಒಂದೇ ಮಾತು ಹೇಳಿದರು: “ಮುಂದ ಮಾರೂದಿದ್ರ ಮೊದಲ ನನಗ ಹೇಳ. ನಾನ ತಿರುಗಿ ತಗೋತೀನಿ.” ನಾನು ಆಣೆಯಿಟ್ಟಷ್ಟು ಗಂಭೀರವಾಗಿ ತಲೆಯಾಡಿಸಿದೆ.

ಅದನ್ನು ಮನೆಗೆ ತಂದ ದಿನವೇ ದವಸದ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದ್ದು ನೆನಪಿದೆ. ತಂದೆಯವರ ಕರಿಯ ಬೈಸಿಕಲ್ಲು 20 ಕಿಲೋ ತೂಗಿತು, ನನ್ನದು 13. ಆದರೆ ನಿಜವಾದ ವ್ಯತ್ಯಾಸವಿದ್ದುದು ಹಲ್ಲುಗಳಲ್ಲಿ. ತಂದೆಯವರ ಬೈಸಿಕಲ್ಲಿನ ಮುಂದಿನ ಚಕ್ರಕ್ಕೆ 44 ಹಲ್ಲು, ಹಿಂದಿನದಕ್ಕೆ 18. ಪೆಡಲನ್ನು ಒಂದು ಸುತ್ತು ತುಳಿದರೆ ಗಾಡಿ ಸುಮಾರು ಐದೂವರೆ ಮೀಟರ್ ಮುಂದೆ ಹೋಗುವುದು. ಏರಿರಲಿ ಇಳಿತವಿರಲಿ, ಅದಕ್ಕೆ ಅಷ್ಟೇ ಗೊತ್ತು. ನನ್ನದಕ್ಕೆ ಮುಂದೆ ಎರಡು ಹಲ್ಲುಚಕ್ರಗಳು, ಹಿಂದೆ ಐದು. ಒಟ್ಟು ಹತ್ತು ಗೇರುಗಳು. ಮುಂದೆ 52, ಹಿಂದೆ 14 ಹಲ್ಲಿಗೆ ಚೈನು ಕೂತರೆ ಒಂದು ತುಳಿತಕ್ಕೆ ಎಂಟು ಮೀಟರ್. ಮುಂದೆ 40, ಹಿಂದೆ 28 ಆದರೆ ಕೇವಲ ಮೂರು ಮೀಟರ್. ಆದರೆ ಎಂಥ ಏರನ್ನೂ ಹತ್ತಬಹುದು. ಅಣ್ಣನಿಂದ ಈ ಲೆಕ್ಕವನ್ನು ಕಲಿತ ಮೇಲೆ, ಗಣಿತದಲ್ಲಿ ಸದಾ ಹಿಂದುಳಿದಿದ್ದ ನನಗೆ ಭಾಗಾಕಾರದ ಮೇಲೆ ಮೊದಲ ಬಾರಿಗೆ ಗೌರವ ಹುಟ್ಟಿತು.

ಇಷ್ಟು ಉಪಕಾರಿಯಾದ ಗೇರನ್ನು ಕೂಡ ಲೋಕ ಸುಲಭವಾಗಿ ಒಪ್ಪಲಿಲ್ಲವೆಂಬುದು ಸೋಜಿಗದ ಸಂಗತಿ. ಫ್ರಾನ್ಸ್ ದೇಶವನ್ನು ಸುತ್ತುವ ಸುಪ್ರಸಿದ್ಧ ‘ಟೂರ್ ದ ಫ್ರಾನ್ಸ್’ ಸ್ಪರ್ಧೆ 1903ರಲ್ಲಿ ಆರಂಭವಾಯಿತು. ಅದರ ಸ್ಥಾಪಕರಾದ ಆನ್ರಿ ದೆಗ್ರಾಂಜ್ ಅವರು ಬಹುಕಾಲ ಗೇರಿನ ಕಟ್ಟಾ ವಿರೋಧಿಗಳು. ಮನುಷ್ಯ ತನ್ನ ಸ್ನಾಯುಬಲದಿಂದ ಗೆಲ್ಲಬೇಕೇ ಹೊರತು ಯಂತ್ರದ ಉಪಾಯದಿಂದಲ್ಲವೆಂಬುದು ಅವರ ನಿಲುವು. ಚೈನನ್ನು ಹಲ್ಲಿನಿಂದ ಹಲ್ಲಿಗೆ ದಾಟಿಸುವ ಸಲಕರಣೆಗೆ ಆ ಸ್ಪರ್ಧೆಯಲ್ಲಿ ಎಲ್ಲರಿಗೂ ಅನುಮತಿ ದೊರೆತದ್ದು 1937ರಲ್ಲಿ. ಅಲ್ಲಿಯವರೆಗೆ ಆಲ್ಪ್ಸ್ ಪರ್ವತದ ಬುಡದಲ್ಲಿ ಸವಾರರು ಕೆಳಗಿಳಿದು, ಹಿಂದಿನ ಗಾಲಿಯನ್ನೇ ಬಿಚ್ಚಿ ತಿರುಗಿಸಿ, ಇನ್ನೊಂದು ಬದಿಯ ಹಲ್ಲುಚಕ್ರಕ್ಕೆ ಚೈನು ಹಾಕಿಕೊಂಡು ಮೇಲಕ್ಕೆ ಹೋಗುತ್ತಿದ್ದರು.

ನಮ್ಮ ಸೀಮೆಯಲ್ಲಿ ಆಲ್ಪ್ಸ್ ಇಲ್ಲ, ಗಾಳಿಯಿದೆ. ಕರಿಯ ಎರೆಮಣ್ಣಿನ ಬಯಲು, ತಡೆಯಲು ಒಂದು ಗುಡ್ಡವಿಲ್ಲ. ಆಷಾಢದಲ್ಲಿ ಪಡುವಣ ಗಾಳಿ ಬೀಸತೊಡಗಿದರೆ ತೊರವಿಯ ಮೇಲೆ ಹಾದು ತಿಕೋಟಾಕ್ಕೆ ಹೋಗುವ ರಸ್ತೆ ಸಮತಟ್ಟಾಗಿದ್ದರೂ ಏರಿನಂತಾಗುವುದು. ಬೈಸಿಕಲ್ಲಿನ ವೇಗ ಗಂಟೆಗೆ 30 ಕಿಲೋಮೀಟರ್ ಮುಟ್ಟಿತೆಂದರೆ ಸವಾರನ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ವೆಚ್ಚವಾಗುತ್ತದೆ. ಹಿಡಿ ಬಾಗಿರುವುದೂ ಆ ಕಾರಣದಿಂದಲೇ. ಬೆನ್ನು ಬಾಗಿಸಿದಷ್ಟೂ ಗಾಳಿಗೆ ಎದೆ ಸಿಕ್ಕುವುದು ಕಡಿಮೆ. ಇದಕ್ಕಿಂತ ದೊಡ್ಡ ಉಪಾಯ ಇನ್ನೊಬ್ಬ ಸವಾರನ ಹಿಂದೆ ಅಂಟಿಕೊಂಡು ಹೋಗುವುದು. ಮುಂದಿನವನ ಗಾಲಿಗೂ ನಮ್ಮ ಗಾಲಿಗೂ ನಡುವೆ ಗೇಣುದ್ದ ಅಂತರವಿದ್ದರೆ ಹಿಂದಿನವನಿಗೆ ಕಾಲುಭಾಗಕ್ಕೂ ಹೆಚ್ಚು ಶ್ರಮ ಉಳಿಯುತ್ತದೆ.

ಆ ಮಳೆಗಾಲದಲ್ಲಿ ವಾರಕ್ಕೆ ಎರಡು ಬೆಳಗು ಅಣ್ಣ ನನ್ನನ್ನು ಆ ರಸ್ತೆಗೆ ಕರೆದೊಯ್ದರು. ಅವರ ಬೈಸಿಕಲ್ಲು ನನ್ನದಾಗಿತ್ತಷ್ಟೆ. ಅವರು ತುಳಿಯುತ್ತಿದ್ದುದು ಕೆಲಸಕ್ಕೆ ಹೋಗುವ ಕರಿಯ, ಭಾರದ, ಗೇರಿಲ್ಲದ ಗೃಹಸ್ಥ ಬೈಸಿಕಲ್ಲನ್ನು. ಆ ಬೈಸಿಕಲ್ಲಿನ ಮೇಲೆಯೇ ಅವರು ಮುಂದೆ. ಹತ್ತು ಗೇರಿನ ನಾನು ಅವರ ಬೆನ್ನ ಮರೆಯಲ್ಲಿ ಹಿಂದೆ. ಅವರ ಅಂಗಿ ಗಾಳಿ ತುಂಬಿ ಪಟಪಟನೆ ಬಡಿಯುತ್ತಿದ್ದ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

ಮುಂದಿನ ವರ್ಷ ಒಂದು ಹಳ್ಳಿಯ ಜಾತ್ರೆಯ ಸ್ಪರ್ಧೆಯಲ್ಲಿ ಹೆಸರು ಕೊಟ್ಟೆ. ಧ್ವಜ ಬಿದ್ದೊಡನೆ ಎಲ್ಲರಿಗಿಂತ ಮುಂದೆ ಹಾರಿದೆ. ನನ್ನ ಹಿಂದೆ ಐದಾರು ಜನ ಸಾಲುಗಟ್ಟಿದರು. ನಾನು ನಾಯಕನೆಂದೇ ಭಾವಿಸಿ ಗಾಳಿಗೆದುರಾಗಿ ತುಳಿದೆ. ಅವರು ನನ್ನ ನೆರಳಿನಲ್ಲಿ ವಿಶ್ರಾಂತಿ ಪಡೆಯುತ್ತಿದ್ದರೆಂದು ಹೊಳೆದದ್ದು, ಕೊನೆಯ ಎರಡು ಕಿಲೋಮೀಟರಿನಲ್ಲಿ ಒಬ್ಬೊಬ್ಬರಾಗಿ ನನ್ನನ್ನು ದಾಟಿ ಹೋದಾಗ. ಹನ್ನೊಂದನೆಯವನಾಗಿ ಬಂದು ಮುಟ್ಟಿದೆ. ನೀರಿನ ತಂಬಿಗೆ ಹಿಡಿದು ನಿಂತಿದ್ದ ಅಣ್ಣ ನಕ್ಕರು. “ಗಾಳಿಗೆ ಒಬ್ಬನ ಎದಿ ಕೊಡೂದು ಶೂರತನ ಅಲ್ಲೋ ತಮ್ಮಾ. ಪಾಳಿ ಹಚ್ಚಿ ಕೊಡಬೇಕು. ಅವ ನಿನಗ, ನೀ ಅವಗ.”

ಬಿ.ಎ. ಮುಗಿಯುವವರೆಗೂ ಆ ಬೈಸಿಕಲ್ಲು ನನ್ನ ಜೊತೆಗಿತ್ತು. 2009ರಲ್ಲಿ ಎಂ.ಎ. ಓದಲು ಧಾರವಾಡಕ್ಕೆ ಹೊರಟೆ. ಶುಲ್ಕಕ್ಕೂ ಕೋಣೆಯ ಮುಂಗಡಕ್ಕೂ ಹಣ ಸಾಲದಾಯಿತು. ಬೈಸಿಕಲ್ಲನ್ನು ಮಾರುವುದೆಂದು ನಿಶ್ಚಯಿಸಿದಾಗ ಅಣ್ಣನ ಮಾತು ನೆನಪಿಗೆ ಬರಲಿಲ್ಲವೆಂದು ಬರೆದರೆ ಸುಳ್ಳಾದೀತು. ಬಂದಿತು. ಆದರೆ ಅವರಿಗೆ ಹೇಳಿದರೆ ಕೊಟ್ಟ ಬೆಲೆಗಿಂತ ಹೆಚ್ಚು ಕೇಳಲಾಗದು, ಕಂತಿನ ಮಾತೂ ಬಂದೀತು ಎಂದು ಲೆಕ್ಕ ಹಾಕಿದೆ. ಅವರೇ ಕಲಿಸಿದ ಭಾಗಾಕಾರ! ಪರವೂರಿನ ಗಿರಾಕಿಯೊಬ್ಬನು 2,000 ರೂಪಾಯಿಯನ್ನು ಒಮ್ಮೆಗೇ ಎಣಿಸಿದ. ಸಂಜೆಯ ಹೊತ್ತು, ಓಣಿಯ ಹಿಂಬದಿಯಿಂದ ಅದನ್ನು ಕಳುಹಿಸಿಕೊಟ್ಟೆ.

ದೀಪಾವಳಿಗೆ ಊರಿಗೆ ಬಂದಾಗ ಅಣ್ಣ ಮನೆಗೆ ಬಂದರು. ಕೈಯಲ್ಲಿ ಮಡಿಚಿದ ಕರವಸ್ತ್ರ. ನಾನು ಧಾರವಾಡ ಸೇರಿದ್ದರಿಂದ ಗಾಡಿ ಸುಮ್ಮನೆ ಗೋಡೆಗೆ ಒರಗಿರಬಹುದೆಂದು ಎಣಿಸಿ, ನಾಲ್ಕು ತಿಂಗಳು ಕೂಡಿಟ್ಟು, 1,800 ರೂಪಾಯಿ ತಂದಿದ್ದರು. “ಗಾಡಿ ಎಲ್ಲೈತಿ?” ಎಂದು ಅಂಗಳವನ್ನು ನೋಡಿದರು. ನಾನು ಹೇಳಿದೆ. ಅವರು ಸಿಟ್ಟಾಗಲಿಲ್ಲ. ಕರವಸ್ತ್ರವನ್ನು ಕಿಸೆಗೆ ಸೇರಿಸಿ, ನನ್ನ ತಾಯಿ ತಂದಿಟ್ಟ ಕರಚಿಕಾಯಿಯನ್ನು ತಿಂದು, ಎದ್ದು ನಿಂತಾಗ ಇಷ್ಟೇ ಕೇಳಿದರು: “ತಗೊಂಡಾವ ಚೈನಿಗೆ ಎಣ್ಣಿ ಹಾಕ್ತಾನೇನು?”

ನನಗೆ ತಿಳಿದಿರಲಿಲ್ಲ. ಆಮೇಲೆ ಆ ಗಿರಾಕಿಯನ್ನು ಹುಡುಕಿಕೊಂಡು ಹೋದೆ. ಅವನು ಅದನ್ನು ಮತ್ತೊಬ್ಬನಿಗೆ ಮಾರಿಯಾಗಿತ್ತು, ಆ ಮತ್ತೊಬ್ಬನ ಊರು ಅವನಿಗೆ ನೆನಪಿರಲಿಲ್ಲ. ಇಂದಿಗೂ ಯಾವ ಊರಿನಲ್ಲಾದರೂ ಹಳೆಯ ಬಾಗಿದ ಹಿಡಿಯ ಬೈಸಿಕಲ್ಲೊಂದು ಗೋಡೆಗೆ ಒರಗಿದ್ದರೆ, ಬಗ್ಗಿ ಅದರ ಪೆಡಲಿನ ಅಚ್ಚಿನ ಕೆಳಗೆ ನೋಡುತ್ತೇನೆ. ಅಲ್ಲಿ ಅಣ್ಣ ಅರದಿಂದ ಉಜ್ಜಿದ್ದ ಮೂರು ಗೀರುಗಳಿರಬೇಕು. ಹೆಂಡತಿ ಮಕ್ಕಳು ಈ ಚಾಳಿಗೆ ಒಗ್ಗಿಹೋಗಿದ್ದಾರೆ.

ಕಳೆದ ಆಷಾಢದಲ್ಲಿ ಊರಿಗೆ ಹೋಗಿದ್ದಾಗ ಅಣ್ಣನನ್ನು ತಿಕೋಟಾ ರಸ್ತೆಗೆ ಕರೆದೆ. ಅವರಿಗೀಗ ನಲವತ್ತೈದು ದಾಟಿದೆ. ಕಾಲು ಮಾತ್ರ ಹಾಗೆಯೇ ಇದೆ. ಎರವಲು ತಂದ ಎರಡು ಬೈಸಿಕಲ್ಲುಗಳು, ಎದುರಿಗೆ ಅದೇ ಪಡುವಣ ಗಾಳಿ. ಅವರು ರೂಢಿಯಂತೆ ಮುಂದಾಗಲು ಹೋದರು. “ಇವತ್ತು ನನ್ನ ಪಾಳಿ” ಎಂದೆ. ಅವರು ಮಾತಾಡದೆ ನನ್ನ ಗಾಲಿಯ ಹಿಂದೆ ಸೇರಿಕೊಂಡರು. ತರಗತಿಯಲ್ಲಿ ನಿಂತು ಪಾಠ ಹೇಳುವ ಕಾಲುಗಳು ತೊರವಿಯನ್ನು ಮುಟ್ಟುವಷ್ಟರಲ್ಲಿ ಕಂಬಗಳಾದುವು. ಆದರೂ ಅಲ್ಲಿಯವರೆಗೆ ಅವರನ್ನು ಮುಂದೆ ಬಿಡಲಿಲ್ಲ.

ಹಿಂದಿನಿಂದ ಒಂದೇ ಒಂದು ಸಲ ದನಿ ಕೇಳಿಸಿತು.

“ತಮ್ಮಾ, ಚೈನು ಒಣಗೇತಿ. ಎಣ್ಣಿ ಹಾಕೋ.”