ಕಿಂಗ್‌ಸ್ಟನ್‌ನ ಕೊಠಡಿ, ಖಾನಾಪುರದ ಹಳಿ

ಕನ್ನಡ ಮತ್ತು ಮರಾಠಿ ಅಕ್ಕಪಕ್ಕದ ಮನೆಗಳಲ್ಲಿ ಬದುಕುವ ಬೆಳಗಾವಿ ನಗರದಲ್ಲಿ ‘ಅನುಮಾನ’ ಎಂಬ ಒಂದೇ ಪದಕ್ಕೆ ಎರಡು ಅರ್ಥಗಳಿವೆ. ಕನ್ನಡ ಪತ್ರಿಕೆಯ ‘ಅನುಮಾನಾಸ್ಪದ ಸಾವು’ ಎಂಬ ಶೀರ್ಷಿಕೆಯಲ್ಲಿ ಅದು ಸಂದೇಹ, ಶಂಕೆ; ಅಂಥದೇ ಸುದ್ದಿಯನ್ನು ಮರಾಠಿ ಪತ್ರಿಕೆ ‘ಸಂಶಯಾಸ್ಪದ ಮೃತ್ಯು’ ಎಂದು ಕೊಡುತ್ತದೆ, ಏಕೆಂದರೆ ಮರಾಠಿಯಲ್ಲಿ ಅನುಮಾನವೆಂದರೆ ಕಂಡ ಗುರುತಿನಿಂದ ಕಾಣದ ಸಂಗತಿಯನ್ನು ಊಹಿಸಿ ಮುಟ್ಟುವ ನಿರ್ಣಯ. ಮರಾಠಿ ಉಳಿಸಿಕೊಂಡಿರುವ ಈ ಅರ್ಥವೇ ತರ್ಕಶಾಸ್ತ್ರದ ಮೂಲ ಅರ್ಥ: ಬೆಟ್ಟದ ಮೇಲೆ ಹೊಗೆ ಕಂಡವನು ಅಲ್ಲಿ ಬೆಂಕಿಯಿದೆ ಎಂದು ತಿಳಿಯುವುದು ಅನುಮಾನ, ಮಬ್ಬುಗತ್ತಲಲ್ಲಿ ನಿಂತಿರುವುದು ಮೋಟುಮರವೋ ಮನುಷ್ಯನೋ ಎಂದು ಮನಸ್ಸು ತೂಗಾಡುವುದು ಸಂಶಯ. ಒಂದು ಅಸಹಜ ಸಾವು ಸುದ್ದಿಯಾದಾಗಲೆಲ್ಲ ನಡೆಯುವ ದೊಡ್ಡ ಅನಾಹುತವೆಂದರೆ, ಸಂಶಯವಾಗಿ ಹುಟ್ಟಿದ್ದು ಒಂದೆರಡು ದಿನಗಳಲ್ಲೇ ನಿರ್ಣಯವಾಗಿ ಬದಲಾಗಿ ಊರೆಲ್ಲ ಓಡಾಡುವುದು. ಕನ್ನಡದಲ್ಲಿ ಎರಡಕ್ಕೂ ಒಂದೇ ಪದ ಸಾಕಾಗಿರುವುದರಿಂದ ಆ ಬದಲಾವಣೆ ಓದುಗನ ಗಮನಕ್ಕೇ ಬರುವುದಿಲ್ಲ.

ಕ್ರೀಡಾಲೋಕದಲ್ಲಿ ಈ ಬದಲಾವಣೆಗೆ ಅತ್ಯಂತ ದೊಡ್ಡ ಉದಾಹರಣೆ 2007ರ ವಿಶ್ವಕಪ್ ಕ್ರಿಕೆಟ್ ನಡೆಯುತ್ತಿದ್ದಾಗ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಸಂಭವಿಸಿದ ಪಾಕಿಸ್ತಾನ ತಂಡದ ಕೋಚ್ ಬಾಬ್ ವುಲ್ಮರ್ ಅವರ ಸಾವು. ವುಲ್ಮರ್ ಈ ನೆಲಕ್ಕೆ ತೀರ ಹೊರಗಿನವರಲ್ಲ: 1948ರ ಮೇ 14ರಂದು ಕಾನ್ಪುರದಲ್ಲಿ ಹುಟ್ಟಿದವರು, ತಂದೆ ಕ್ಲಾರೆನ್ಸ್ ವುಲ್ಮರ್ ಅಂದಿನ ಸಂಯುಕ್ತ ಪ್ರಾಂತ್ಯದ ಪರವಾಗಿ ರಣಜಿ ಟ್ರೋಫಿ ಆಡಿದವರು. ಇಂಗ್ಲೆಂಡ್ ಪರ 19 ಟೆಸ್ಟ್ ಆಡಿ, ತಮ್ಮ ಮೂರು ಶತಕಗಳನ್ನೂ ಆಸ್ಟ್ರೇಲಿಯಾದ ವಿರುದ್ಧವೇ ಹೊಡೆದಿದ್ದ ಅವರ ನಿಜವಾದ ಹೆಸರು ಉಳಿದದ್ದು ತರಬೇತಿಯಲ್ಲಿ. 1994ರಿಂದ 1999ರವರೆಗೆ ದಕ್ಷಿಣ ಆಫ್ರಿಕಾ ತಂಡಕ್ಕೂ, 2004ರಿಂದ ಪಾಕಿಸ್ತಾನಕ್ಕೂ ಕೋಚ್ ಆಗಿದ್ದ ಅವರು, 2005ರ ಮಾರ್ಚ್‌ನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಯೂನಿಸ್ ಖಾನ್ 267 ರನ್ ಗಳಿಸಿ ಭಾರತವನ್ನು 168 ರನ್‌ಗಳಿಂದ ಸೋಲಿಸಿ ಸರಣಿ ಸಮ ಮಾಡಿಕೊಂಡ ತಂಡದ ಹಿಂದೆ ಇದ್ದವರು.

2007ರ ಮಾರ್ಚ್ 17ರಂದು ಕಿಂಗ್‌ಸ್ಟನ್‌ನ ಸಬೀನಾ ಪಾರ್ಕ್‌ನಲ್ಲಿ ಪಾಕಿಸ್ತಾನ 132 ರನ್‌ಗೆ ಆಲೌಟ್ ಆಗಿ, ಅಲ್ಲಿಯವರೆಗೆ ವಿಶ್ವಕಪ್‌ನಲ್ಲಿ ಯಾವ ಲೆಕ್ಕಕ್ಕೂ ಇರದಿದ್ದ ಐರ್ಲೆಂಡ್‌ಗೆ ಮೂರು ವಿಕೆಟ್‌ಗಳಿಂದ ಸೋತು ಟೂರ್ನಿಯಿಂದ ಹೊರಬಿತ್ತು. ಅದೇ ದಿನ ಪೋರ್ಟ್ ಆಫ್ ಸ್ಪೇನ್‌ನಲ್ಲಿ ರಾಹುಲ್ ದ್ರಾವಿಡ್ ನಾಯಕತ್ವದ ಭಾರತ ಬಾಂಗ್ಲಾದೇಶಕ್ಕೆ ಸೋತಿತ್ತು. ಕರ್ನಾಟಕದ ಕ್ರಿಕೆಟ್ ಪ್ರೇಮಿಗಳು ತಮ್ಮ ಸೋಲಿನ ಸಂಕಟದಲ್ಲೇ ಇದ್ದಾಗ ಮರುದಿನ ಕಿಂಗ್‌ಸ್ಟನ್‌ನಿಂದ ಸಾವಿನ ಸುದ್ದಿ ಬಂತು. ಪೆಗಾಸಸ್ ಹೋಟೆಲಿನ ಹನ್ನೆರಡನೆಯ ಮಹಡಿಯ 374ನೇ ಕೊಠಡಿಯ ಸ್ನಾನಗೃಹದಲ್ಲಿ ಪ್ರಜ್ಞೆಯಿಲ್ಲದೆ ಬಿದ್ದಿದ್ದ 58 ವರ್ಷದ ವುಲ್ಮರ್ ಮೃತಪಟ್ಟಿದ್ದಾರೆಂದು ಆಸ್ಪತ್ರೆಯಲ್ಲಿ ಘೋಷಿಸಲಾಯಿತು. ಅವರಿಗೆ ಮಧುಮೇಹವಿತ್ತು, ಹೃದಯ ದೊಡ್ಡದಾಗಿತ್ತು ಎಂಬುದು ಆಮೇಲೆ ಎಲ್ಲರಿಗೂ ತಿಳಿಯಿತು. ಆದರೆ ಮಾರ್ಚ್ 20ರಂದು ಪೊಲೀಸರು ಸಾವು ಅನುಮಾನಾಸ್ಪದ ಎಂದರು. 22ರಂದು, ಕೈಯಿಂದ ಕುತ್ತಿಗೆ ಹಿಸುಕಿ ಕೊಲ್ಲಲಾಗಿದೆ ಎಂದು ಘೋಷಿಸಿದರು. ಸಂಶಯ ನಿರ್ಣಯವಾಗಲು ಹಿಡಿದದ್ದು ಎರಡು ದಿನ.

ಈ ನಿರ್ಣಯ ನಿಂತಿದ್ದ ಮುಖ್ಯ ಆಧಾರ ಹಯಾಯ್ಡ್ ಎಂಬ ಸಣ್ಣ ಎಲುಬು. ನಾಲಿಗೆಯ ಬುಡದಲ್ಲಿ, ಗಂಟಲ ಮೇಲ್ಭಾಗದಲ್ಲಿ ಕುದುರೆಲಾಳದ ಆಕಾರದಲ್ಲಿರುವ, ಬೇರಾವ ಎಲುಬಿಗೂ ನೇರವಾಗಿ ಕೂಡದೆ ಸ್ನಾಯುಗಳ ಆಸರೆಯಲ್ಲೇ ತೂಗುವ ಈ ಎಲುಬನ್ನು ಕೈಬೆರಳುಗಳು ಜೋರಾಗಿ ಅದುಮಿದರೆ ಅದು ಮುರಿಯಬಹುದು. ಆದ್ದರಿಂದ ಅದು ಮುರಿದಿದ್ದರೆ ವಿಧಿವಿಜ್ಞಾನ ವೈದ್ಯರು, ಎಂದರೆ ಸಾವಿನ ಕಾರಣವನ್ನು ಕಾನೂನಿನ ಸಲುವಾಗಿ ದೇಹದಲ್ಲಿ ಹುಡುಕುವ ವೈದ್ಯರು, ಕುತ್ತಿಗೆ ಹಿಸುಕಿರುವ ಸಾಧ್ಯತೆಯನ್ನು ಪರಿಗಣಿಸುತ್ತಾರೆ. ಆದರೆ ಇದೇ ಎಲುಬಿನ ಕೊಂಬುಗಳು ಮತ್ತು ನಡುಭಾಗ ಸೇರುವ ಕೀಲುಗಳು ಕೆಲವರಲ್ಲಿ ವಯಸ್ಸಾದರೂ ಬೆಸೆದುಕೊಳ್ಳದೆ ಉಳಿಯುವುದರಿಂದ, ಬೆರಳಿಗೆ ಸಿಗುವ ಸಡಿಲವನ್ನು ಮುರಿತವೆಂದು ತಿಳಿಯುವ ಅಪಾಯವಿದೆ; ಶವಪರೀಕ್ಷೆಯಲ್ಲಿ ಕುತ್ತಿಗೆಯನ್ನು ಬಿಡಿಸುವಾಗಲೇ ಅಂಗಾಂಶಗಳಲ್ಲಿ ರಕ್ತ ಇಳಿದು, ಬದುಕಿದ್ದಾಗಲೇ ಆದ ಗಾಯದಂತೆ ಕಾಣುವುದೂ ಉಂಟು. ಶವಪರೀಕ್ಷೆ ನಡೆಸಿದ ಭಾರತೀಯ ಮೂಲದ ವೈದ್ಯ ಎರೆ ಶೇಷಯ್ಯ ಅವರು ಎಲುಬು ಮುರಿದಿದೆ ಎಂದು ದಾಖಲಿಸಿದ್ದರು.

ಆ ಒಂದು ದಾಖಲೆಯ ಮೇಲೆ ಕಟ್ಟಿದ ಕಥೆಗಳಿಗೆ ಎಣೆಯಿರಲಿಲ್ಲ. ವುಲ್ಮರ್ ಹಿಂದೆ ತರಬೇತಿ ನೀಡಿದ್ದ ತಂಡದ ನಾಯಕ ಹ್ಯಾನ್ಸಿ ಕ್ರೋನಿಯೆ 2000ದಲ್ಲಿ ಮ್ಯಾಚ್ ಫಿಕ್ಸಿಂಗ್ ಒಪ್ಪಿಕೊಂಡು 2002ರಲ್ಲಿ ವಿಮಾನ ಅಪಘಾತದಲ್ಲಿ ಸತ್ತದ್ದು ನೆನಪಾಗಿ, ಇದೂ ಜೂಜುಕೋರರ ಕೈವಾಡವೆಂದರು; ವುಲ್ಮರ್ ಬರೆಯುತ್ತಿದ್ದ ಪುಸ್ತಕ ದೊಡ್ಡವರ ಗುಟ್ಟು ಬಯಲು ಮಾಡಲಿತ್ತೆಂದರು; ವಿಷವೆಂದರು, ಸೋಲಿನಿಂದ ಕೆರಳಿದ ಅಭಿಮಾನಿಯೆಂದರು, ತಂಡದೊಳಗಿನವರೇ ಎಂದರು. ಪಾಕಿಸ್ತಾನದ ಆಟಗಾರರ ಬೆರಳಚ್ಚು ತೆಗೆದುಕೊಳ್ಳಲಾಯಿತು; ತಮ್ಮ ಕೋಚ್ ಸತ್ತ ಮೂರನೆಯ ದಿನ, ಮಾರ್ಚ್ 21ರಂದು, ಅವರು ಜಿಂಬಾಬ್ವೆಯ ವಿರುದ್ಧ ಕೊನೆಯ ಲೀಗ್ ಪಂದ್ಯ ಆಡಿ ಗೆದ್ದರು, ನಾಯಕ ಇಂಜಮಾಮ್ ಉಲ್ ಹಕ್ ಅವರಿಗೆ ಅದು ಕಡೆಯ ಏಕದಿನ ಪಂದ್ಯವಾಗಿತ್ತು; ಜಮೈಕಾ ಬಿಡುವ ಮುನ್ನ ಅವರನ್ನೂ ಸಹಾಯಕ ಕೋಚ್ ಮುಷ್ತಾಕ್ ಅಹಮದ್ ಅವರನ್ನೂ ಮತ್ತೆ ಪ್ರಶ್ನಿಸಲಾಯಿತು. ತಂದೆಯಂತಿದ್ದವನನ್ನು ಕಳೆದುಕೊಂಡವರಿಗೆ ಅಳಲು ಸಿಗಬೇಕಾದ ದಿನಗಳು ಆರೋಪಿಗಳ ದಿನಗಳಾದದ್ದು ಈ ಪ್ರಕರಣದ ಅತಿ ಕ್ರೂರ ಭಾಗ, ಮತ್ತು ಅದಕ್ಕೆ ಯಾರೂ ಬೆಲೆ ತೆರಲಿಲ್ಲ.

ಜೂನ್ 12ರಂದು ಜಮೈಕಾದ ಪೊಲೀಸ್ ಆಯುಕ್ತ ಲೂಷಿಯಸ್ ಥಾಮಸ್ ಅವರು ವುಲ್ಮರ್ ಸತ್ತದ್ದು ಸಹಜ ಕಾರಣದಿಂದ ಎಂದು ಪ್ರಕಟಿಸಿದರು. ಬ್ರಿಟನ್‌ನ ನಥಾನಿಯಲ್ ಕೇರಿ, ಕೆನಡಾದ ಮೈಕಲ್ ಪೊಲಾನೆನ್, ದಕ್ಷಿಣ ಆಫ್ರಿಕಾದ ಲೋರ್ನಾ ಮಾರ್ಟಿನ್ ಎಂಬ ಮೂವರು ತಜ್ಞರು ಮರುಪರಿಶೀಲಿಸಿದ್ದರು; ಎಕ್ಸ್‌ರೇ ನೋಡಿದರೆ ಹಯಾಯ್ಡ್ ಎಲುಬು ಮುರಿದೇ ಇರಲಿಲ್ಲ. ಹದಿನೇಳನೆಯ ಶತಮಾನದ ‘ತರ್ಕಸಂಗ್ರಹ’ದಲ್ಲಿ ಅನ್ನಂಭಟ್ಟ ಐದು ಹೇತ್ವಾಭಾಸಗಳನ್ನು, ಎಂದರೆ ಕಾರಣದಂತೆ ತೋರಿ ಕಾರಣವಾಗದ ಕುರುಹುಗಳನ್ನು, ಹೇಳುತ್ತಾನೆ, ಅವುಗಳಲ್ಲಿ ‘ಅಸಿದ್ಧ’ ಎಂಬುದರ ಒಂದು ಬಗೆಯೆಂದರೆ ತೋರಿಸಿದ ಕುರುಹು ಆ ಸ್ಥಳದಲ್ಲಿ ಇಲ್ಲವೇ ಇಲ್ಲದಿರುವುದು, ಮಂಜನ್ನು ಹೊಗೆಯೆಂದು ನೋಡಿ ಬೆಟ್ಟದಲ್ಲಿ ಬೆಂಕಿಯಿದೆ ಎನ್ನುವಂತೆ. ಕಿಂಗ್‌ಸ್ಟನ್‌ನಲ್ಲಿ ಆದದ್ದು ಅಕ್ಷರಶಃ ಇದೇ. ಮೂರು ತಿಂಗಳು ಇಡೀ ಜಗತ್ತು ಯಾರು ಹಚ್ಚಿದ ಬೆಂಕಿ ಎಂದು ವಾದಿಸಿತು. ಹೊಗೆ ಇದೆಯೇ ಎಂದು ನೋಡುವ ತಾಳ್ಮೆ ಕೆಲವೇ ವೈದ್ಯರಿಗಿತ್ತು.

ಪ್ರಕರಣ ಅಲ್ಲಿಗೆ ಮುಗಿಯಲಿಲ್ಲ. ಇಂಗ್ಲಿಷ್ ಕಾನೂನಿನ ಪರಂಪರೆಯ ಹಲವು ದೇಶಗಳಲ್ಲಿ ಕೊರೋನರ್ ಎಂಬ ಅಧಿಕಾರಿ, ಕೆಲವೊಮ್ಮೆ ಪಂಚಸಭೆಯ, ಎಂದರೆ ಜ್ಯೂರಿಯ, ನೆರವಿನಿಂದ ಅಸಹಜ ಸಾವಿನ ಕಾರಣವನ್ನು ಬಹಿರಂಗವಾಗಿ ವಿಚಾರಿಸುತ್ತಾನೆ. 2007ರ ಅಕ್ಟೋಬರ್ 16ರಂದು ಶುರುವಾದ ಆ ವಿಚಾರಣೆಯಲ್ಲಿ 57 ಮಂದಿ ಸಾಕ್ಷಿ ಹೇಳಿದರು, ಶೇಷಯ್ಯನವರು ತಮ್ಮ ಅಭಿಪ್ರಾಯಕ್ಕೇ ಅಂಟಿಕೊಂಡರು, ಹನ್ನೊಂದು ಮಂದಿಯ ಜ್ಯೂರಿ ನವೆಂಬರ್ 28ರಂದು ‘ಓಪನ್ ವರ್ಡಿಕ್ಟ್’ ಕೊಟ್ಟಿತು: ಕೊಲೆಯೆಂದಾಗಲಿ ಸಹಜವೆಂದಾಗಲಿ ಹೇಳಲು ಸಾಕ್ಷ್ಯ ಸಾಲದು ಎಂಬ ತೀರ್ಪು. ತರ್ಕದ ಭಾಷೆಯಲ್ಲಿ ಇದು ‘ಸತ್ಪ್ರತಿಪಕ್ಷ’, ಎಂದರೆ ಒಂದು ಹೇತುವಿಗೆ ಎದುರಾಗಿ ಅಷ್ಟೇ ಬಲದ ಇನ್ನೊಂದು ಹೇತು ನಿಂತು ನಿರ್ಣಯವನ್ನು ತಡೆಯುವ ಸ್ಥಿತಿ. ಎಕ್ಸ್‌ರೇಯಲ್ಲಿ ಕಾಣದ ಮುರಿತ ಮತ್ತು ಮೂವರು ಸ್ವತಂತ್ರ ತಜ್ಞರ ಒಮ್ಮತ ಇವೆರಡರ ಬಲ ಸಮವಾಗಿತ್ತೆಂದು ಒಪ್ಪುವುದು ಕಷ್ಟ. ಆದರೂ ಆ ತೀರ್ಪಿನ ಬಾಗಿಲಿಂದಲೇ ಹಳೆಯ ಊಹೆಗಳು ಇಂದಿಗೂ ಒಳಬರುತ್ತವೆ. ದೊಡ್ಡವರ ಗುಟ್ಟು ಬಯಲು ಮಾಡುತ್ತದೆನ್ನಲಾದ ಪುಸ್ತಕ ಟಿಮ್ ನೋಕ್ಸ್ ಅವರ ಸಹಲೇಖನದೊಂದಿಗೆ 2008ರಲ್ಲಿ ಹೊರಬಂತು. ಅದು ಬ್ಯಾಟಿಂಗ್, ಬೌಲಿಂಗ್, ಆಟಗಾರನ ದೇಹ ಮತ್ತು ಮನಸ್ಸಿನ ಕುರಿತ ತರಬೇತಿಯ ಗ್ರಂಥ.

ಈ ಇತಿಹಾಸವನ್ನು ಓದಿ, ಸಂಶಯಪಡುವುದೇ ತಪ್ಪೆಂದು ಯಾರಾದರೂ ತೀರ್ಮಾನಿಸಿದರೆ ಖಾನಾಪುರ ಅದನ್ನು ಒಪ್ಪುವುದಿಲ್ಲ. ಬೆಳಗಾವಿಯ ದಕ್ಷಿಣಕ್ಕಿರುವ, ಮಲಪ್ರಭೆ ಕಣಕುಂಬಿಯಲ್ಲಿ ಹುಟ್ಟಿ ಹರಿಯುವ, ಲೋಂಡಾ ಜಂಕ್ಷನ್‌ನಿಂದ ಬೆಳಗಾವಿಯತ್ತ ಸಾಗುವ ರೈಲುಮಾರ್ಗವನ್ನು ಕಾಡಂಚಿನಲ್ಲಿ ಹೊತ್ತಿರುವ ಈ ತಾಲ್ಲೂಕಿನಲ್ಲಿ, 2021ರ ಸೆಪ್ಟೆಂಬರ್ ಕೊನೆಯಲ್ಲಿ ಹಳಿಯ ಮೇಲೆ ಒಬ್ಬ ಯುವಕನ ಛಿದ್ರಗೊಂಡ ದೇಹ ಸಿಕ್ಕಿತು. ಮೊದಲು ಅದು ರೈಲ್ವೆ ಪೊಲೀಸರ ಕಡತಕ್ಕೆ ಸೇರಿತು. ಇದು ರೈಲಿಗೆ ಸಿಕ್ಕ ಸಾವಲ್ಲ, ಕೊಲೆ ಎಂದು ತಾಯಿ ಪಟ್ಟು ಹಿಡಿದರು. ತನಿಖೆ ಬೆಳಗಾವಿ ಜಿಲ್ಲಾ ಪೊಲೀಸರಿಗೆ ವರ್ಗವಾಗಿ, ಅಕ್ಟೋಬರ್‌ನಲ್ಲಿ ಹತ್ತು ಮಂದಿಯ ಬಂಧನವಾಯಿತು. ಅನ್ಯಧರ್ಮದ ಯುವತಿಯೊಡನೆ ಅವನಿಗಿದ್ದ ಸಂಬಂಧದ ಕಾರಣಕ್ಕೆ ಕೊಂದು ದೇಹವನ್ನು ಹಳಿಯ ಮೇಲೆ ಹಾಕಲಾಯಿತೆಂಬುದು ಪೊಲೀಸರ ಆರೋಪ. ಅದರ ಸತ್ಯಾಸತ್ಯ ಹೇಳುವ ಅಧಿಕಾರ ನ್ಯಾಯಾಲಯದ್ದು ಮಾತ್ರ.

ಇಲ್ಲಿಯ ತರ್ಕದೋಷ ಕಿಂಗ್‌ಸ್ಟನ್‌ನದಕ್ಕೆ ತದ್ವಿರುದ್ಧ. ಕುರುಹು ನಿಜವಾಗಿಯೂ ಇತ್ತು, ದೇಹ ಹಳಿಯ ಮೇಲೇ ಇತ್ತು. ಆದರೆ ಹಳಿಯ ಮೇಲೆ ಸಿಕ್ಕ ದೇಹವೆಲ್ಲ ರೈಲಿನಿಂದಲೇ ಸತ್ತದ್ದು ಎಂಬ ವ್ಯಾಪ್ತಿ, ಎಂದರೆ ಕುರುಹಿಗೂ ನಿರ್ಣಯಕ್ಕೂ ಇರಬೇಕಾದ ತಪ್ಪದ ಸಂಬಂಧ, ಇಲ್ಲವೇ ಇಲ್ಲ. ಅನ್ನಂಭಟ್ಟನ ಪಟ್ಟಿಯಲ್ಲಿ ಇದರ ಹೆಸರು ‘ಸವ್ಯಭಿಚಾರ’. ಶವಾಗಾರದಲ್ಲಿ ಇದನ್ನು ಬಿಡಿಸುವ ದಾರಿಯೂ ಇದೆ: ಬದುಕಿರುವ ದೇಹ ಗಾಯಕ್ಕೆ ಪ್ರತಿಕ್ರಿಯಿಸುತ್ತದೆ, ಅಂಚುಗಳಲ್ಲಿ ರಕ್ತ ಒಸರಿ ಅಂಗಾಂಶದೊಳಗೆ ಇಳಿಯುತ್ತದೆ, ಹೃದಯ ನಿಂತ ಮೇಲೆ ಬಿದ್ದ ಗಾಯ ಬಹುಮಟ್ಟಿಗೆ ಒಣಗಿದಂತೆ, ಬಿಳಿಚಿಕೊಂಡು ಕಾಣುತ್ತದೆ. ಚಕ್ರದ ಗಾಯ ಸಾವಿಗೆ ಮೊದಲಿನದೋ ನಂತರದ್ದೋ ಎಂಬ ಪ್ರಶ್ನೆ ಕೇಳದಿದ್ದರೆ ಹಳಿ ಯಾವ ಕೊಲೆಯನ್ನಾದರೂ ನುಂಗಿಬಿಡಬಲ್ಲದು.

ತಾಯಿಯ ಸಂಶಯಕ್ಕೂ ಕಿಂಗ್‌ಸ್ಟನ್‌ನ ಕುರಿತ ಊಹೆಗಳಿಗೂ ವ್ಯತ್ಯಾಸವೇನೆಂಬುದು ಇಲ್ಲಿ ಮುಖ್ಯ. ಆಕೆ ತನಿಖೆಯನ್ನು ಕೇಳಿದರು. ಕ್ರಿಕೆಟ್ ಲೋಕ ತನಿಖೆಗೆ ಕಾಯದೆ ಉತ್ತರ ಹಂಚಿತು. 2015ರ ಮಾರ್ಚ್ 16ರಂದು ಬೆಂಗಳೂರಿನಲ್ಲಿ ಐಎಎಸ್ ಅಧಿಕಾರಿ ಡಿ. ಕೆ. ರವಿ ಸತ್ತಾಗ ಕರ್ನಾಟಕದ ಬೀದಿಬೀದಿಗಳಲ್ಲಿ ಜನ ಸಿಬಿಐ ತನಿಖೆ ಕೇಳಿದ್ದು ನ್ಯಾಯವಾಗಿತ್ತು, ಮರಳು ದಂಧೆಯವರ ವಿರುದ್ಧ ನಿಂತಿದ್ದ ಅಧಿಕಾರಿಯ ಮೇಲಿನ ಪ್ರೀತಿ ಅದರಲ್ಲಿತ್ತು. ಸಿಬಿಐ ಅದು ಆತ್ಮಹತ್ಯೆ ಎಂದು ವರದಿ ಕೊಟ್ಟ ಮೇಲೆ, ಅಷ್ಟರೊಳಗೆ ಹರಡಿದ್ದ ಮಾತುಗಳಿಂದ ನೊಂದವರ ಕಡೆಗೆ ಆ ಪ್ರೀತಿಯ ಒಂದು ಪಾಲೂ ಹರಿಯಲಿಲ್ಲ.

ಬೆಳಗಾವಿ 1956ರವರೆಗೆ ಮುಂಬಯಿ ರಾಜ್ಯದ ಭಾಗವಾಗಿದ್ದರೂ ಮುಂಬಯಿ ನಗರದಲ್ಲಿದ್ದ ಕೊರೋನರ್ ಪದ್ಧತಿ ಇಲ್ಲಿಗೆ ಬರಲಿಲ್ಲ, ಮುಂಬಯಿಯಲ್ಲೂ ಅದು 1999ರಲ್ಲಿ ಕೊನೆಗೊಂಡಿತು. ಇಲ್ಲಿ ಅಸಹಜ ಸಾವಿನ ಮೊದಲ ವಿಚಾರಣೆ ಪೊಲೀಸ್ ಠಾಣೆಯದು: ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಮು, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಮು. ಠಾಣೆಯಲ್ಲಿ ‘ಯುಡಿಆರ್’ ಎಂದು ಕರೆಯುವ ಅಸಹಜ ಸಾವಿನ ವರದಿ ದಾಖಲಾಗುತ್ತದೆ, ಅಧಿಕಾರಿ ಸ್ಥಳಕ್ಕೆ ಹೋಗಿ ನೆರೆಯ ಇಬ್ಬರು ಅಥವಾ ಹೆಚ್ಚು ಗೌರವಸ್ಥರ ಸಮಕ್ಷಮ ಶವ ಪಂಚನಾಮೆ ಬರೆಯುತ್ತಾನೆ, ಸಂದೇಹವಿದ್ದರೆ ದೇಹವನ್ನು ವೈದ್ಯರಿಗೆ ಕಳಿಸುತ್ತಾನೆ. ಹೊಸ ಸಂಹಿತೆಯಂತೆ ವರದಿ ಇಪ್ಪತ್ನಾಲ್ಕು ಗಂಟೆಗಳೊಳಗೆ ದಂಡಾಧಿಕಾರಿಯನ್ನು ತಲುಪಬೇಕು. ವಿಷದ ಶಂಕೆಯಿದ್ದರೆ ಹೊಟ್ಟೆ, ಯಕೃತ್ತು, ಮೂತ್ರಪಿಂಡದ ಭಾಗಗಳನ್ನು, ‘ವಿಸೆರಾ’ ಎನ್ನುವವನ್ನು, ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಿ ಕಾಯಬೇಕು. ಪತ್ರಿಕೆಗಳ ಶೀರ್ಷಿಕೆಗಳು ಹುಟ್ಟುವುದು ಬಹುಪಾಲು ಈ ಕಾಯುವ ಅವಧಿಯಲ್ಲಿ.

ಇಷ್ಟೆಲ್ಲಕ್ಕೂ ಬುನಾದಿ ಆ ಪಂಚನಾಮೆ. ದೇಹ ಯಾವ ದಿಕ್ಕಿಗೆ ತಲೆಯಿಟ್ಟು ಬಿದ್ದಿತ್ತು, ಹಳಿಯ ಜಲ್ಲಿಯ ಮೇಲೆ ಎಷ್ಟು ರಕ್ತವಿತ್ತು, ಚಪ್ಪಲಿ ಎಲ್ಲಿತ್ತು, ಫೋನ್ ಸಿಕ್ಕಿತೋ ಇಲ್ಲವೋ ಎಂಬುದು ಒಮ್ಮೆ ಮಾತ್ರ ನೋಡಲು ಸಿಗುವ ಸಂಗತಿ. ದೇಹವನ್ನು ಎತ್ತಿ, ರೈಲುಗಳು ಮತ್ತೆ ಓಡತೊಡಗಿದ ಮೇಲೆ ಖಾನಾಪುರದ ಮಳೆ ಉಳಿದದ್ದನ್ನು ತೊಳೆದುಬಿಡುತ್ತದೆ. ಆ ತಾಲ್ಲೂಕಿನಲ್ಲಿ ಪಂಚರಾಗಿ ಕರೆಸಿಕೊಂಡವರ ಮನೆಮಾತು ಎಷ್ಟೋ ಸಲ ಮರಾಠಿ, ಬರೆಯುವುದು ಕನ್ನಡದಲ್ಲಿ. ಬರೆದದ್ದನ್ನು ಅವರಿಗೆ ಓದಿ ಹೇಳಿ, ಅವರ ಮಾತಿನಲ್ಲಿ ತಿಳಿಸಿ, ತಾವು ಕಂಡದ್ದು ಇದೇ ಹೌದೆಂದು ಅವರು ಒಪ್ಪಿದ ಮೇಲೆ ಮಾತ್ರ ಸಹಿ ಹಾಕಿಸಬೇಕು. ಆ ಹಾಳೆಯಲ್ಲಿ ಕಂಡದ್ದಕ್ಕೆ ಮಾತ್ರ ಜಾಗವಿದೆ.